ನಾಲ್ಕನೆಯ ಕಂಬ

ನಮ್ಮಪ್ಪ ತನ್ನ ಬದುಕಿನಲ್ಲಿ ಒಂದು ಸಲವೂ ದನಿ ಎತ್ತರಿಸಿ ಮಾತಾಡಿದವನಲ್ಲ ಎಂದು ಅವನ ಮೇಲೆ ತೆಗೆದ ಡಾಕ್ಯುಮೆಂಟರಿ ಹೇಳುತ್ತದೆ. ಸೊರಬದ ಬಸ್ ಸ್ಟ್ಯಾಂಡಿನ ಹಿಂದೆ ಹಾಕಿದ್ದ ಟೂರಿಂಗ್ ಟಾಕೀಸಿನಲ್ಲಿ, ದೊಡ್ಡ ಸಿನಿಮಾ ಶುರುವಾಗುವ ಮುಂಚೆ ಅದನ್ನು ತೋರಿಸಿದರು. ಪರದೆಯ ಮೇಲೆ ಅಪ್ಪನ ಬೆರಳು, ಉಳಿ, ಉದುರುವ ಗಂಧದ ಚಕ್ಕೆ. ಹಿಂದಿನಿಂದ ಒಬ್ಬ ಗಂಡಸಿನ ಗಂಭೀರ ದನಿ. ಈ ಮನೆಯಲ್ಲಿ ಕೆಲಸವೇ ಪೂಜೆಯಂತೆ. ಇಲ್ಲಿ ಮಕ್ಕಳು ಮೌನದಲ್ಲೇ ಹುಟ್ಟಿ ಮೌನದಲ್ಲೇ ಬೆಳೆದರಂತೆ. ಕೊನೆಗೆ ಶಿಕಾರಿಪುರದ ಸಾಹುಕಾರರ ದೇವರಮನೆಯಲ್ಲಿರುವ ಗಂಧದ ಮಂಟಪ ಬರುತ್ತದೆ. ಕ್ಯಾಮೆರಾ ಅದರ ಕಂಬಗಳನ್ನು ಒಂದೊಂದಾಗಿ ಸವರಿಕೊಂಡು ಹೋಗಿ ನಾಲ್ಕನೆಯದರ ಮುಂದೆ ನಿಲ್ಲುತ್ತದೆ. ಮೂರು ಕಂಬಗಳ ಬಳ್ಳಿಯಲ್ಲಿ ಗಿಳಿಗಳಿವೆ, ನಾಲ್ಕನೆಯದರಲ್ಲಿ ಬರೀ ಎಲೆ. ಯಾಕೆ ಎಂದು ಕೇಳಿ ಆ ದನಿ ತಾನೇ ಉತ್ತರ ಕೊಡುತ್ತದೆ: ಪರಿಪೂರ್ಣತೆ ಶಿವನೊಬ್ಬನದು ಎಂದು ಬಲ್ಲ ಈ ಕಲಾವಿದ ಬೇಕೆಂದೇ ಒಂದು ಕೊರತೆ ಉಳಿಸಿದ. ಟೆಂಟಿನ ತುಂಬ ಚಪ್ಪಾಳೆ. ಅಪ್ಪ ತೀರಿಕೊಂಡು ಆಗ ಒಂದು ವರ್ಷವಾಗಿತ್ತು. ನನ್ನ ಪಕ್ಕದಲ್ಲಿ ಕೂತಿದ್ದ ಅವ್ವನೂ ಚಪ್ಪಾಳೆ ತಟ್ಟಿದಳು.

ನಾನು ಶಿವಮೊಗ್ಗದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಶೀಲ್ಡುಗಳನ್ನು ಹೊತ್ತು ತಂದವಳು. ಎದುರಾಳಿ ಹೇಳಿದ್ದರಲ್ಲಿ ನಿಜ ಎಷ್ಟಿದೆಯೋ ಅಷ್ಟನ್ನು ನೀನೇ ಮೊದಲು ಒಪ್ಪಿಕೊಂಡುಬಿಡು, ಆಮೇಲೆ ಅವನ ಕೈಯಲ್ಲಿ ಏನೂ ಉಳಿಯುವುದಿಲ್ಲ ಎಂದು ನಮ್ಮ ಮೇಷ್ಟ್ರು ಹೇಳಿಕೊಟ್ಟಿದ್ದರು. ಹಾಗೇ ಮಾಡುತ್ತೇನೆ. ಅಪ್ಪ ದನಿ ಎತ್ತರಿಸಿದವನಲ್ಲ ಎನ್ನುವುದು ನಿಜ. ಹೊಡೆಯುವಾಗಲೂ ಅವನು ಮಾತಾಡುತ್ತಿರಲಿಲ್ಲ. ಕೆಲಸವೇ ಪೂಜೆ ಎನ್ನುವುದೂ ನಿಜ. ಕೆಲವು ಪೂಜೆಗೆ ಬಲಿಯೂ ಬೇಕಾಗುತ್ತದೆ, ಅದನ್ನು ಮಾತ್ರ ಸಿನಿಮಾದವರು ಕೇಳಲಿಲ್ಲ. ನಾವು ಮೌನದಲ್ಲಿ ಬೆಳೆದದ್ದಂತೂ ಪೂರ್ತಿ ನಿಜ. ಲಂಗದ ಅಂಚನ್ನು ಬಾಯಿಗೆ ತುರುಕಿಕೊಂಡು ಅಳುವುದನ್ನು ನಾನು ಅಕ್ಷರ ಕಲಿಯುವ ಮುಂಚೆಯೇ ಕಲಿತಿದ್ದೆ. ಅಪ್ಪನ ಮೇಲೆ ಆಮೇಲೆ ಒಂದು ಪುಸ್ತಕವೂ ಬಂತು. ಇಷ್ಟು ಜೀವಂತ ಗಿಳಿಗಳನ್ನು ಕೆತ್ತಿದವನಿಗೆ ಹಕ್ಕಿಪಕ್ಷಿಗಳ ಮೇಲೆ ಎಷ್ಟು ಮಮತೆ ಇದ್ದಿರಬೇಕು ಎಂದು ಅದರಲ್ಲಿ ಬರೆದಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ಆ ನಾಲ್ಕನೆಯ ಕಂಬದ ಕತೆಯನ್ನೂ ಒಪ್ಪುವುದಿಲ್ಲ. ಅದು ಯಾಕೆ ಹಾಗಾಯಿತು ಎಂದು ಬಲ್ಲವರು ಈಗ ಬದುಕಿರುವವರಲ್ಲಿ ಮೂರೇ ಜನ: ಅವ್ವ, ಅಣ್ಣ, ನಾನು. ಅದಕ್ಕೆ ಕಾರಣಳೂ ನಾನೇ.

ನಮ್ಮ ಮನೆ ಉದ್ದಕ್ಕೆ ಇತ್ತು. ಬೀದಿಗೆ ಹತ್ತಿದ ಪಡಸಾಲೆ ಗಂಡಸರದು, ಅಲ್ಲಿ ಗಂಧ ಕೆತ್ತುವುದು. ಹಿತ್ತಲ ಕಡೆಯ ಕೋಣೆ ಹೆಂಗಸರದು, ಅಲ್ಲಿ ಬೆಂಡಿನ ಕೆಲಸ. ಕೆರೆಯಂಚಿನಲ್ಲಿ ಬೆಳೆಯುವ ಬೆಂಡಿನ ಗಿಡದ ಬಿಳಿ ತಿರುಳನ್ನು ಹಾಳೆಯ ಹಾಗೆ ಸೀಳಿ, ಮಡಚಿ, ಅಂಟಿಸಿ ಅವ್ವ ಮದುವೆಯ ಬಾಸಿಂಗ ಮಾಡುತ್ತಿದ್ದಳು. ನಡುವೆ ಅಡುಗೆಮನೆ. ಎರಡು ಕಡೆಗೂ ಅಂಟು ಬೇರೆ. ಗಂಡಸರದು ಸರೇಸು, ಚರ್ಮ ಮೂಳೆ ಕುದಿಸಿ ಮಾಡಿದ್ದು, ಪೆಟ್ಟಿಗೆಯ ಮೂಲೆ ಕೂಡಿಸಲಿಕ್ಕೆ ಮಾತ್ರ. ನಮ್ಮದು ಹುಣಸೆ ಬೀಜದ್ದು: ಹುರಿದು, ಸಿಪ್ಪೆ ಉದುರಿಸಿ, ನೆನೆಹಾಕಿ, ರುಬ್ಬಿ, ಕಾಯಿಸಿ ಕರಟದಲ್ಲಿ ತುಂಬಿಟ್ಟದ್ದು. ಗಂಡಸರು ನಮ್ಮ ಕರಟ ಮುಟ್ಟುತ್ತಿರಲಿಲ್ಲ, ನಾವು ಅವರ ಸರೇಸಿನ ಡಬ್ಬಿ ಮುಟ್ಟುತ್ತಿರಲಿಲ್ಲ. ಯಾರೂ ಕೂತು ಮಾಡಿದ ಕಟ್ಟಳೆಯಲ್ಲ ಅದು. ಎಡಗೈಯಲ್ಲಿ ಉಣ್ಣಬಾರದು ಅನ್ನುವ ಹಾಗೆ ಸುಮ್ಮನೆ ಇತ್ತು. ಪಡಸಾಲೆಯಲ್ಲಿ ಬಡಗಣ ಕಿಟಕಿ ಒಂದೇ. ಆ ಬೆಳಕಿನಲ್ಲಿ ನೆರಳು ಓಡಾಡುವುದಿಲ್ಲ, ಸಣ್ಣ ಉಳಿಯ ಕೆಲಸ ಅಲ್ಲೇ ಆಗಬೇಕು. ಅದರ ಕೆಳಗೆ ಅಪ್ಪನ ಮಣೆ. ಅಣ್ಣ ಗಣಪತಿ ಹತ್ತು ವರ್ಷದವನಿದ್ದಾಗಿನಿಂದ ಬಾಗಿಲ ಪಕ್ಕದ ಅರೆಬೆಳಕಿನಲ್ಲಿ ಕೂತು ಕೆತ್ತುತ್ತಿದ್ದ. ಅಪ್ಪ ತಾನೇ ಮಣೆ ಸರಿಸಿ ಕಿಟಕಿಯ ಕೆಳಗೆ ಜಾಗ ಬಿಟ್ಟ ದಿನ ಅಣ್ಣ ಮೇಸ್ತ್ರಿ. ನಮ್ಮಲ್ಲಿ ಬೇರೆ ಸರ್ಟಿಫಿಕೇಟಿಲ್ಲ.

ಅಪ್ಪನ ಕೈಯಲ್ಲಿ ಉಳಿ ಇರುವಷ್ಟು ಹೊತ್ತು ಮನೆಯಲ್ಲಿ ಯಾರೂ ಉಣ್ಣುವ ಹಾಗಿರಲಿಲ್ಲ, ಒರಳು ತಿರುಗುವ ಹಾಗಿರಲಿಲ್ಲ. ಒಂದು ದಿನ ಅವ್ವ ಮರೆತು ಒಗ್ಗರಣೆ ಹಾಕಿದಳು. ಸಾಸಿವೆ ಸಿಡಿದ ಸದ್ದಿಗೆ ಅಪ್ಪನ ಉಳಿ ಒಂದು ಕೂದಲೆಳೆ ಜಾರಿತು. ಅವನು ಎದ್ದು ಬಂದು, ಒಲೆಯ ಮೇಲಿದ್ದ ಒಗ್ಗರಣೆ ಸೌಟನ್ನು ತೆಗೆದು ಅವ್ವನ ಹುಬ್ಬಿನ ಮೇಲೆ ಒತ್ತಿ ಹಿಡಿದು, ಮತ್ತೆ ಹೋಗಿ ಕೂತ. ಆ ಹುಬ್ಬಿನಲ್ಲಿ ಈಗಲೂ ಕೂದಲಿಲ್ಲ. ಸಿನಿಮಾದಲ್ಲಿ ಅವ್ವ ನಗುವಾಗ ಅದು ಕಾಣುತ್ತದೆ, ನೋಡುವವರಿಗೆ ಗೊತ್ತಿರಬೇಕು ಅಷ್ಟೇ. ಇನ್ನೊಂದು ಸಲ ಪಕ್ಕದ ಮನೆ ಗಿರಿಜಕ್ಕನ ಹೇಂಟೆ ಪಡಸಾಲೆಗೆ ಬಂದು ಕೆತ್ತನೆಯ ತುಂಡಿನ ಮೇಲೆ ಕಾಲಿಟ್ಟಿತು. ಅಪ್ಪ ಕೂತಲ್ಲಿಂದಲೇ ಕೈಚಾಚಿ ಹಿಡಿದು, ಅದರ ಕತ್ತು ಮುರಿದು, ಬಾಗಿಲಾಚೆ ಇಟ್ಟು ಕೆಲಸ ಮುಂದುವರಿಸಿದ. ಹಕ್ಕಿಪಕ್ಷಿಗಳ ಮೇಲಿನ ಮಮತೆ ಅಂದರೆ ಇದು. ಗಿರಿಜಕ್ಕ ಬೀದಿಯಲ್ಲಿ ನಿಂತು ಬೈದಳು.

"ದೇವ್ರು ಕೆತ್ತೋ ಕೈಯಂತೆ, ಕೈಯಿ. ಮೊಟ್ಟೆ ಇಡೋ ಕೋಳಿ ಅದು. ಅದ್ಕೆ ಎಂತ ಗೊತ್ತು ನಿಮ್ಮ ಕಲೆ?"

ನನ್ನ ಪಾಲಿನದು ಒಂದು ಹೇಳುತ್ತೇನೆ. ನಾನು ಓಡುವ ಭರದಲ್ಲಿ ಉಳಿಯೊಂದನ್ನು ದಾಟಿದೆ. ಆಯುಧ ದಾಟಬಾರದು. ಅಪ್ಪ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, ನನ್ನ ಅಂಗೈಯನ್ನು ನೆಲದ ಮೇಲಿಟ್ಟು, ಅದರ ಮೇಲೆ ಹಿಮ್ಮಡಿ ಊರಿ, ಅದೇ ಉಳಿಯನ್ನು ಸಾಣೆಕಲ್ಲಿನ ಮೇಲೆ ಮಸೆಯತೊಡಗಿದ. ಹರಿತವಾಗುವ ತನಕ ಕಾಲೆತ್ತಲಿಲ್ಲ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ ಅನ್ನುವುದೇ ಹೆದರಿಕೆ. ಮರಕ್ಕೆ ಕೊಡುವ ಗಮನವನ್ನೇ ಅವನು ನನ್ನ ಅಂಗೈಗೂ ಕೊಟ್ಟಿದ್ದ.

ಅಪ್ಪನ ಇನ್ನೊಂದು ಪಟ್ಟು ಇತ್ತು. ಗಂಧದಲ್ಲಿ ಬಿರುಕು ಬಿಟ್ಟರೆ ಊರಿನ ಬೇರೆ ಮೇಸ್ತ್ರಿಗಳು ಗಂಧದ ಪುಡಿಯನ್ನು ಸರೇಸಿನಲ್ಲಿ ಕಲಸಿ ತುಂಬುತ್ತಿದ್ದರು, ಯಾರೂ ಅದನ್ನು ತಪ್ಪು ಅನ್ನುತ್ತಿರಲಿಲ್ಲ. ಅಪ್ಪ ಒಬ್ಬ ತುಂಬುತ್ತಿರಲಿಲ್ಲ. ಮರದ ಬಾಯಲ್ಲಿ ಸುಳ್ಳು ಹೇಳಿಸಬೇಡ ಅನ್ನುತ್ತಿದ್ದ. ಅದಕ್ಕೊಂದು ಪರೀಕ್ಷೆಯೂ ಇತ್ತು. ಕೆಲಸ ಮುಗಿದ ತುಂಡನ್ನು ಒಂದು ದಿನ ಬೆಳಗಿನಿಂದ ಸಂಜೆಯ ತನಕ ಒದ್ದೆ ಪಂಚೆಯಲ್ಲಿ ಸುತ್ತಿಡುವುದು. ಅಂಟು ಎಲ್ಲೇ ಅಡಗಿರಲಿ, ನೀರು ಕುಡಿದು ಉಬ್ಬಿ ಬಾಯಿಬಿಡುತ್ತದೆ. ತನ್ನ ಕೆಲಸವನ್ನೂ ಅವನು ಹೀಗೇ ಸುತ್ತಿಡುತ್ತಿದ್ದ. ಅದು ನಿಜ, ಅದನ್ನೂ ಒಪ್ಪಿಕೊಳ್ಳುತ್ತೇನೆ.

ಶಾಲೆಯಲ್ಲಿ ದೊಡ್ಡದಾದ ಮೈಸೂರು ರಾಜ್ಯದ ಹೊಸ ನಕ್ಷೆ ತೂಗುಹಾಕಿದ ಕಾಲ ಅದು. ನನಗೆ ಒಂಬತ್ತು, ಅಣ್ಣನಿಗೆ ಹದಿನೇಳು. ಶಿಕಾರಿಪುರದ ಸಾಹುಕಾರರು ಶಿವರಾತ್ರಿಗೆ ತಮ್ಮ ದೇವರಮನೆಗೊಂದು ಮಂಟಪ ಬೇಕೆಂದರು. ಸರ್ಕಾರದ ಗಂಧದ ಕೋಠಿಯಿಂದ ಪರ್ಮಿಟ್ ಮೇಲೆ ಬಂದ ಮರ ಅಳತೆಗೆ ಸರಿಯಾಗಿತ್ತು, ಪೀಠಕ್ಕೆ ಬೇಕಾದರೆ ಇರಲಿ ಎಂದು ಇಟ್ಟ ಒಂದು ದಪ್ಪ ತುಂಡು ಮಾತ್ರ ಹೆಚ್ಚುವರಿ. ಮೇಲಿನ ಶಿಖರ, ಮುಂದಿನ ಕಮಾನು ಅಪ್ಪ ತೆಗೆದುಕೊಂಡ. ನಾಲ್ಕು ಕಂಬಗಳನ್ನು ಅಣ್ಣನ ಮುಂದಿಟ್ಟ. ಹೇಳುವುದೇ ಬೇಡವಾಗಿತ್ತು, ನಾಲ್ಕೂ ಪಾಸಾದರೆ ಕಿಟಕಿಯ ಕೆಳಗಿನ ಜಾಗ ಎಂದು ಮನೆಯ ಬೆಕ್ಕಿಗೂ ತಿಳಿದಿತ್ತು. ಅಣ್ಣ ಆ ಮೂರು ತಿಂಗಳು ಉಂಡದ್ದು, ಮಲಗಿದ್ದು ನನಗೆ ನೆನಪಿಲ್ಲ. ಬಳ್ಳಿ ಕಂಬವನ್ನು ಸುತ್ತಿ ಏರುತ್ತಿತ್ತು, ಎಲೆಗಳ ನಡುವಿನಿಂದ ಗಿಳಿಗಳು ತಲೆ ಹಾಕುತ್ತಿದ್ದವು. ಒಂದೊಂದು ಕೊಕ್ಕು ಭತ್ತದ ಕಾಳಿನಷ್ಟು.

ಮೂರು ಕಂಬ ಮುಗಿದು ನಾಲ್ಕನೆಯದು ಕೊನೆಗೆ ಬಂದಾಗ ಸಾಹುಕಾರರು ಬಸ್ಸಿನಲ್ಲಿ ಬಂದು ನೋಡಿಕೊಂಡು ಹೋದರು. ಒಂದು ಕಂಬವನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿ, ಅಪ್ಪನನ್ನು ಚುಡಾಯಿಸಿದರು.

"ಮೇಸ್ತ್ರೀ, ಈ ಗಿಳಿ ನಿಮ್ಮ ಕೈದಲ್ಲ ಬಿಡ್ರಿ. ನಿಮ್ಮ ಗಿಳಿ ಭಾಳ ಮರ್ಯಾದಸ್ಥವು, ಕುಂತಿರ್ತಾವ. ಇವು ಹಾರಕ್ಕೆ ಹೊಂಟಾವ."

"ಹುಡುಗನವು," ಅಂದ ಅಪ್ಪ.

"ಹಂಗಂದ್ರ ಇನ್ನ ನೀವು ಕುಂತು ಉಣ್ರಿ."

ಸಾಹುಕಾರರು ಹೋದ ಮೇಲೆ ಊಟಕ್ಕೆ ಕೂತೆವು. ಅಣ್ಣನಿಗೆ ನಗು ತಡೆಯಲಾಗಲಿಲ್ಲ. ಅನ್ನದ ಕಡೆ ನೋಡಿಕೊಂಡು, ಹಲ್ಲು ಕಚ್ಚಿ, ಮೂಗಿನಲ್ಲಿ ಒಂದು ಸಣ್ಣ ಸದ್ದು ಮಾಡಿದ. ಅಪ್ಪ ತನ್ನ ಕಂಚಿನ ಗಂಗಾಳವನ್ನು ಅನ್ನಸಾರಿನ ಸಮೇತ ಎತ್ತಿ ಅಣ್ಣನ ಮುಖಕ್ಕೆ ಎಸೆದ. ಅಂಚು ತಗುಲಿ ಕೆಳತುಟಿ ಹರಿಯಿತು. ಅವ್ವ ನೆಲದ ಮೇಲಿನ ಅನ್ನ ಬಳಿಯುತ್ತ, ಯಾರನ್ನೂ ನೋಡದೆ ಹೇಳಿದಳು:

"ಉಣ್ಣೋ ಹೊತ್ತಿನಾಗೆ ನಗಬಾರ್ದು ಅಂತ ಎಷ್ಟು ಸಲ ಹೇಳೇನಿ ನಿಂಗೆ."

ಎರಡು ದಿನದಲ್ಲಿ ನಾಲ್ಕನೆಯ ಕಂಬವೂ ಮುಗಿಯಿತು. ಆ ಮಧ್ಯಾಹ್ನ ಅಪ್ಪ, ಅಣ್ಣ ಇಬ್ಬರೂ ದಂಡಾವತಿಗೆ ಮೀಯಲಿಕ್ಕೆ ಹೋದರು. ಅವ್ವ ಗಿರಿಜಕ್ಕನ ಮನೆಯಲ್ಲಿದ್ದಳು. ನಾನು ಪಡಸಾಲೆಗೆ ಹೋಗಿ ಆ ಕಂಬವನ್ನು ಎತ್ತಿಕೊಂಡೆ. ಕೆನ್ನೆಗೆ ಒತ್ತಿಕೊಂಡೆ. ಅಷ್ಟೇ ನನ್ನ ಅಪರಾಧ. ಬೀದಿಯಲ್ಲಿ ಯಾರದೋ ಹೆಜ್ಜೆಯ ಸದ್ದಾಗಿ ಗಾಬರಿಯಲ್ಲಿ ಕೆಳಗಿಡುವಾಗ ತುದಿಯ ಗಿಳಿಯ ಕೊಕ್ಕು ಸಾಣೆಕಲ್ಲಿಗೆ ತಾಗಿತು. ಕಡ್ಡಿ ಮುರಿದಷ್ಟು ಸದ್ದೂ ಆಗಲಿಲ್ಲ. ಹೆಜ್ಜೆಯವರು ಮುಂದೆ ಹೋದರು. ನನ್ನ ಅಂಗೈಯಲ್ಲಿ ಕೊಕ್ಕು ಇತ್ತು; ಅಂಗೈ ನೋಡಿದ ಕೂಡಲೇ ಹಿಮ್ಮಡಿ ನೆನಪಾಯಿತು.

ಬೆಂಡಿನ ಹೂವಿನ ಎಸಳು ಮುರಿದರೆ ಏನು ಮಾಡಬೇಕೆಂದು ನನಗೆ ಗೊತ್ತಿತ್ತು, ಅದನ್ನೇ ಮಾಡಿದೆ. ನಮ್ಮ ಕರಟ ತಂದೆ. ನೆಲದ ಗಂಧದ ಪುಡಿಯನ್ನು ಬೆರಳಲ್ಲಿ ಒತ್ತಿ ತೆಗೆದು ಹುಣಸೆ ಬೀಜದ ಅಂಟಿನಲ್ಲಿ ಕಲಸಿದೆ. ಸೂಜಿಯ ಮೊನೆಯಲ್ಲಿ ಒಂದು ಚುಕ್ಕೆ ಇಟ್ಟು, ಕೊಕ್ಕು ಕೂರಿಸಿ, ಉಸಿರು ಬಿಗಿಹಿಡಿದು ನೂರು ಎಣಿಸಿದೆ. ಬೆಳಕಿಗೆ ಹಿಡಿದು ನೋಡಿದರೆ ಕೂಡಿದ ಗೆರೆ ನನಗೇ ಕಾಣಲಿಲ್ಲ. ನಾಚಿಕೆಯಿಲ್ಲದೆ ಹೇಳುತ್ತೇನೆ, ಹೆದರಿಕೆಯ ಜೊತೆಗೆ ನನಗೆ ಹೆಮ್ಮೆಯೂ ಆಯಿತು. ಆ ಮನೆಯಲ್ಲಿ ಹುಟ್ಟಿದ್ದಕ್ಕೆ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬೆಂಡಿನ ಬಾಸಿಂಗ ಯಾರೂ ಒದ್ದೆ ಮಾಡುವುದಿಲ್ಲ. ಒದ್ದೆ ಪಂಚೆಯ ನೆನಪು ನನಗೆ ಬಂದದ್ದು ಮರುದಿನ ಬೆಳಿಗ್ಗೆ ಅಪ್ಪ ನಾಲ್ಕೂ ಕಂಬಗಳನ್ನು ಸುತ್ತುವುದನ್ನು ನೋಡಿದಾಗ.

ಆ ದಿನ ನಾನು ಶಾಲೆಗೆ ಹೋಗಿ ಬಂದೆ. ಹೇಳಲು ಬೆಳಗಿನಿಂದ ಸಂಜೆಯ ತನಕ ಹೊತ್ತಿತ್ತು, ಹೇಳಲಿಲ್ಲ. ದನ ಮನೆಗೆ ಬರುವ ಹೊತ್ತಿಗೆ ಅಪ್ಪ ಕಿಟಕಿಯ ಕೆಳಗೆ ಕೂತು ಪಂಚೆ ಬಿಚ್ಚಿದ. ಒಂದನೆಯ ಕಂಬವನ್ನು ತಿರುಗಿಸಿ ನೋಡಿ ಇಟ್ಟ. ಎರಡನೆಯದನ್ನು ಇಟ್ಟ. ಮೂರನೆಯದನ್ನು ಇಟ್ಟವನು, ತಾನು ಕೂತಿದ್ದ ಮಣೆಯನ್ನು ಒಂದು ಗೇಣು ಪಕ್ಕಕ್ಕೆ ಸರಿಸಿದ. ಅಣ್ಣ ಅದನ್ನು ನೋಡಿದ. ಅಣ್ಣ ನೋಡಿದ್ದನ್ನು ನಾನು ನೋಡಿದೆ. ನಾಲ್ಕನೆಯದನ್ನು ಬಿಚ್ಚಿದಾಗ ಕೊಕ್ಕು ಪಂಚೆಗೆ ಅಂಟಿಕೊಂಡು ಬಂತು. ಅಪ್ಪ ಅದನ್ನು ಉಗುರಿನಿಂದ ಬಿಡಿಸಿ ನಾಲಿಗೆಯ ಮೇಲಿಟ್ಟುಕೊಂಡ. ಮತ್ತೆ ಅಂಗೈಗೆ ತೆಗೆದುಕೊಂಡ. ಆಮೇಲೆ ತಲೆಯೆತ್ತಿ ನಡುಮನೆಯ ಬಾಗಿಲ ಕಡೆ ನೋಡಿದ. ಅಲ್ಲಿ ಅವ್ವ ನಿಂತಿದ್ದಳು, ಕೈಯಲ್ಲಿ ಅಂಟಿನ ಕರಟವಿತ್ತು. ಅವಳ ಹಿಂದೆ ನಾನು, ಎರಡೂ ಕೈ ಬೆನ್ನ ಹಿಂದೆ. ಅಪ್ಪ ನೋಡಿ, ಅಣ್ಣನ ಕಡೆ ತಿರುಗಿದ.

"ಯಾರು?"

ಅಣ್ಣ ಕೊಕ್ಕು ನೋಡಿದ. ನನ್ನನ್ನು ನೋಡಿದ. ಬೆನ್ನ ಹಿಂದಿದ್ದ ನನ್ನ ಕೈಗಳನ್ನು ಅವನು ಹೇಗೆ ನೋಡಿದನೋ ಕಾಣೆ, ನೋಡಿದ.

"ನಾನು," ಅಂದ.

"ಎಂತಕ್ಕೆ?"

"ಕೈ ಜಾರ್ತು."

"ಜಾರಿದ ಕೈ ಇಲ್ಲಿಡು."

ಅಣ್ಣ ಇಡಲಿಲ್ಲ. ಗೋಡೆಗೆ ಆತುಕೊಂಡ. ಅವನು ಆಗಲೇ ಅಪ್ಪನಿಗಿಂತ ಅರ್ಧ ಅಡಿ ಎತ್ತರ. ಅಪ್ಪನ ಮುಂಗೈ ಹಿಡಿದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಹಿಡಿಯಬಹುದೇ ಎಂದು ಕೇಳುವವನ ಹಾಗೆ ಅವ್ವನ ಮುಖ ನೋಡಿದ.

"ಕೊಡಪ್ಪ, ಗಣಪ," ಅಂದಳು ಅವ್ವ. "ಬೇಗ ಮುಗಿದುಹೋಗ್ಲಿ."

ಅಣ್ಣ ಬಲಗೈಯನ್ನು ಮರದ ದಿಮ್ಮಿಯ ಮೇಲಿಟ್ಟ. ಅಪ್ಪ ಉಳಿ ಬಡಿಯುವ ಕೊಡತಿಯನ್ನು ತೆಗೆದುಕೊಳ್ಳುತ್ತಾನೆ ಎಂದುಕೊಂಡಿದ್ದೆ. ಅವನು ಕೈಗೆತ್ತಿಕೊಂಡದ್ದು ಕಂಬವನ್ನೇ. ಮೊದಲ ಏಟಿಗೆ ಅಣ್ಣ ಕೂಗಲಿಲ್ಲ, ಎರಡನೆಯದಕ್ಕೆ ಕೂಗಿದ. ಮೂರನೆಯದಕ್ಕೆ ಕೈ ಎಳೆದುಕೊಳ್ಳಲು ನೋಡಿದಾಗ ಅಪ್ಪ ಅವನ ಮಣಿಕಟ್ಟನ್ನು ಮೊಣಕಾಲಿನಿಂದ ಒತ್ತಿ ಹಿಡಿದ, ಕೆತ್ತುವಾಗ ಮರವನ್ನು ಒತ್ತಿ ಹಿಡಿಯುವ ಹಾಗೆಯೇ. ಗಿಳಿಗಳು ಒಂದೊಂದೇ ಸಿಡಿದು ನೆಲಕ್ಕೆ ಬಿದ್ದವು. ಐದನೆಯ ಏಟಿಗೆ ಕಂಬ ಎರಡು ತುಂಡಾಯಿತು. ಗಂಧ ಒಡೆದರೆ ಪರಿಮಳ ಹೆಚ್ಚುತ್ತದೆ. ಪಡಸಾಲೆ, ಅಡುಗೆಮನೆ, ಬೆಂಡಿನ ಕೋಣೆ, ಬೀದಿ ಎಲ್ಲ ಕಡೆ ಘಮ್ಮೆಂದಿತು; ಹೊರಗೆ ಹೋಗುತ್ತಿದ್ದ ಯಾರೋ "ಏನು ವಾಸನೆ ಹೊಡೀತದೆ ಮಾರಾಯ್ರೇ" ಅಂದದ್ದು ಕೇಳಿಸಿತು. ನನಗೆ ಈಗಲೂ ಗಂಧದ ಕಡ್ಡಿ ಹಚ್ಚಿದ ಮನೆಯಲ್ಲಿ ಊಟ ಸೇರುವುದಿಲ್ಲ. ಅವ್ವ ಆಮೇಲೆ ರಕ್ತ ಹತ್ತಿದ ಚಕ್ಕೆಗಳನ್ನೆಲ್ಲ ಆರಿಸಿ, ಬಾವಿಕಟ್ಟೆಯ ಮೇಲೆ ತೊಳೆದು, ಒಣಗಿಸಿ ಡಬ್ಬಿಗೆ ಹಾಕಿದಳು. ಗಂಧದ ಚಕ್ಕೆ ಎಸೆಯುವ ಹಾಗಿರಲಿಲ್ಲ.

ಮುರಿದ ಮೂಳೆ ಕೂಡಿಸುವವರೊಬ್ಬರು ಕುಪ್ಪಗಡ್ಡೆಯಲ್ಲಿದ್ದರು. ಗಾಡಿಯಲ್ಲಿ ಕರೆದುಕೊಂಡು ಹೋದೆವು. ಆ ಮುದುಕ ಅಣ್ಣನ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿ, ಏನಾಯಿತು ಎಂದು ಅವ್ವನನ್ನು ಕೇಳಿದ.

"ಬಾವ್ಯಾಗೆ ನೀರು ಸೇದುವಾಗ ರಾಟೆಗೆ ಸಿಕ್ತು ರೀ."

"ರಾಟೆ ಒಂದು ಸಲ ಕಚ್ಚಿ ಬಿಡ್ತದೆ ತಾಯಿ," ಅಂದ ಮುದುಕ, ಸೊಪ್ಪು ಅರೆಯುತ್ತ. "ಇಷ್ಟು ಸಲ ಕಚ್ಚಲ್ಲ."

ನಮ್ಮ ಮನೆಯ ಮೊದಲ ಡಾಕ್ಯುಮೆಂಟರಿ ಮಾಡಿದವಳು ಅವ್ವ. ರಾಟೆಯ ಕತೆಯನ್ನೇ ಅವಳು ಗಿರಿಜಕ್ಕನಿಗೆ ಹೇಳಿದಳು, ಶಾಲೆಯ ಮೇಷ್ಟ್ರಿಗೆ ಹೇಳಿದಳು, ಸಾಹುಕಾರರಿಗೂ ಹೇಳಿದಳು. ಅಪ್ಪ ಪೀಠಕ್ಕೆಂದು ಇಟ್ಟಿದ್ದ ತುಂಡಿನಲ್ಲಿ ಬೇರೆ ಕಂಬ ಕೆತ್ತಿದ. ಒಂದು ಗಿಳಿ ಬಿಡಿಸಿದ್ದನ್ನು ನಾನು ನೋಡಿದ್ದೇನೆ. ಕೂತಿರುವ ಗಿಳಿ. ಅಣ್ಣನ ಮೂರು ಕಂಬಗಳ ಪಕ್ಕ ಇಟ್ಟು ನೋಡಿ, ಅದನ್ನು ಕೆರೆದು ಎಲೆ ಮಾಡಿದ. ಆಮೇಲೆ ಉದ್ದಕ್ಕೂ ಎಲೆಯೇ. ಶಿವರಾತ್ರಿಗೆ ಮುಂಚೆ ಬಂದ ಸಾಹುಕಾರರು ಸುತ್ತ ನಡೆದು ನೋಡಿ ನಾಲ್ಕನೆಯ ಕಂಬದ ಹತ್ತಿರ ನಿಂತರು.

"ಇದೊಂದು ಯಾಕೋ ಬ್ಯಾರೆ ಆತಲ್ರಿ, ಮೇಸ್ತ್ರೀ?"

ಅಪ್ಪ ಉಳಿಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದ. ತಲೆ ಎತ್ತಲಿಲ್ಲ.

"ಎಲ್ಲ ಸರಿ ಇರೋದು ಶಿವ ಒಬ್ಬಂದೇ, ಸಾಹುಕಾರ್ರೇ."

ಸಾಹುಕಾರರು ಆ ಕಂಬವನ್ನು ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಂಡರು. ಆ ಒಂದು ಮಾತು ಅವರ ಮನೆಯಲ್ಲಿ ತಂದೆಯಿಂದ ಮಗನಿಗೆ ಬಂತು, ಮಗ ಅದನ್ನು ಸಿನಿಮಾದವರಿಗೆ ಹೇಳಿದ, ಸಿನಿಮಾದಿಂದ ಪುಸ್ತಕಕ್ಕೆ ಹೋಯಿತು. ದಾರಿಯಲ್ಲಿ ಹುಡುಗನ ಗಿಳಿಗಳು ಅಪ್ಪನ ಗಿಳಿಗಳಾದವು. ಸಿನಿಮಾ ತೆಗೆಯುವಾಗ ಅಣ್ಣನೂ ಬಂದಿದ್ದ. ಅವನು ಈಗ ಅಂಜನಾಪುರದ ನಾಲೆಯಲ್ಲಿ ನೀರುಗಂಟಿ, ತೂಬಿನ ಚಕ್ರವನ್ನು ಎಡಗೈಯಲ್ಲಿ ತಿರುಗಿಸುತ್ತಾನೆ. ಮನೆಮಂದಿಯನ್ನೆಲ್ಲ ಅಪ್ಪನ ಹಿಂದೆ ನಿಲ್ಲಿಸಿದ ಕ್ಯಾಮೆರಾದವನು ಅಣ್ಣನಿಗೆ ಬಹಳ ವಿನಯದಿಂದ ಹೇಳಿದ:

"ನೀವು ಸ್ವಲ್ಪ ಆ ಕಡೆ ಸರೀತೀರಾ ಸಾರ್? ಆ ಕೈ ಫ್ರೇಮಲ್ಲಿ ಬರ್ತಿದೆ."

ಅಣ್ಣ ಸರಿದ.

ಈಗ ವಾದಕ್ಕೆ ಬರುತ್ತೇನೆ. ಹುಣಸೆ ಬೀಜದ ಅಂಟಿಗೆ ಒಂದು ಒಗರು ರುಚಿಯಿದೆ, ಸರೇಸಿನದು ಬೇರೆ. ನಾಲಿಗೆಗೆ ಇಟ್ಟ ಮೇಲೆ ಅಪ್ಪನಿಗೆ ಅದು ಯಾವ ಕೋಣೆಯ ಅಂಟು ಎಂದು ತಿಳಿಯದೆ ಇರಲು ಸಾಧ್ಯವಿಲ್ಲ. ಅದಕ್ಕೇ ಬಾಗಿಲ ಕಡೆ ನೋಡಿದ್ದು. ಅಣ್ಣ ಆ ಕರಟವನ್ನು ಜನ್ಮದಲ್ಲಿ ಮುಟ್ಟಿದವನಲ್ಲ ಎಂದೂ ಅವನಿಗೆ ಗೊತ್ತಿತ್ತು. ಹಾಗಾದರೆ ತಪ್ಪು ಮಾಡದವನ ಕೈ ಎಂದು ತಿಳಿದೇ ಮುರಿದ. ಯಾಕೆ? ಆ ಕೈ ತನ್ನ ಕೈಯನ್ನು ಮೀರಿತ್ತು, ಅದಕ್ಕೆ. ಬಹಳ ವರ್ಷ ನಾನು ಈ ವಾದವನ್ನು ಹಿಡಿದುಕೊಂಡಿದ್ದೆ, ಯಾರೂ ಎದುರು ನಿಲ್ಲಲಾರರು ಅಂದುಕೊಂಡಿದ್ದೆ. ಆದರೆ ಎದುರು ಪಕ್ಷದ ಬಳಿ ಎರಡು ಸಾಕ್ಷಿಗಳಿವೆ, ಮುಚ್ಚಿಟ್ಟರೆ ನಾನೂ ಸಿನಿಮಾದವಳೇ ಆಗುತ್ತೇನೆ. ಒಂದು, ಪಕ್ಕಕ್ಕೆ ಸರಿದ ಆ ಮಣೆ. ಹೊಟ್ಟೆಕಿಚ್ಚಿನವನು ಮಣೆ ಸರಿಸುವುದಿಲ್ಲ. ಇನ್ನೊಂದು, ಅಣ್ಣನ ಕೈಗೆ ಬಿದಿರಿನ ದಬ್ಬೆ ಕಟ್ಟಿದ್ದಷ್ಟು ದಿನವೂ ಅಪ್ಪ ತಾನು ಉಣ್ಣುವ ಮುಂಚೆ ಅಣ್ಣನ ಎದುರು ಕೂತು, ಅನ್ನ ಕಲಸಿ, ತುತ್ತು ಮಾಡಿ ಬಾಯಿಗಿಡುತ್ತಿದ್ದ. ತುತ್ತು ದೊಡ್ಡದಾದರೆ ಹರಿದ ತುಟಿ ನೋಯುತ್ತದೆಂದು ಸಣ್ಣದು ಮಾಡುತ್ತಿದ್ದ. ಅಣ್ಣ ಬಾಯಿ ತೆರೆಯುತ್ತಿದ್ದ. ಇದಕ್ಕೆ ನನ್ನ ಬಳಿ ಉತ್ತರವಿಲ್ಲ. ಅಣ್ಣ ಒಂದು ದಿನವೂ ನನ್ನ ಮುಂದೆ ಆ ಕೊಕ್ಕಿನ ಸುದ್ದಿ ಎತ್ತಿಲ್ಲ. ಅಂಜನಾಪುರಕ್ಕೆ ಹೋದಾಗ ನನ್ನ ಶೀಲ್ಡುಗಳ ಬಗ್ಗೆ ಕೇಳುತ್ತಾನೆ. ನಾನು ಒಂಬತ್ತು ವರ್ಷದವಳಿದ್ದೆ ಎನ್ನುವುದು ನನ್ನ ಪರವಾದ ವಾದ. ಮಾರನೆಯ ವರ್ಷ ಹತ್ತಾಯಿತು, ಆಮೇಲೆ ಇಪ್ಪತ್ತಾಯಿತು. ಆಗಲೂ ಹೇಳಲಿಲ್ಲ.

ಟೆಂಟಿನಲ್ಲಿ ಸಿನಿಮಾ ನೋಡಿದ ಮರುದಿನ ಬೆಳಿಗ್ಗೆ ಅವ್ವ ಬೆಂಡಿನ ಕೋಣೆಯಲ್ಲಿ ಅಂಟು ಕಾಯಿಸುತ್ತಿದ್ದಳು. ಗಂಟು ಕಟ್ಟದ ಹಾಗೆ ಒಂದೇ ದಿಕ್ಕಿಗೆ ಕಡ್ಡಿ ತಿರುಗಿಸುತ್ತಿದ್ದಳು. ನಾನು ಎದುರು ಕೂತೆ.

"ಯಾಕೆ ಚಪ್ಪಾಳೆ ತಟ್ಟಿದೆ ಅವ್ವಾ?"

"ಎಲ್ಲಾರೂ ತಟ್ಟಿದ್ರು."

"ಆ ಕೊಕ್ಕು ಮುರಿದದ್ದು ನಾನು. ಅಂಟಿಸಿದ್ದೂ ನಾನೇ. ಅಣ್ಣ ಅಲ್ಲ."

"ಗೊತ್ತೈತೆ," ಅಂದಳು. ಕಡ್ಡಿ ನಿಲ್ಲಲಿಲ್ಲ.

ಇಷ್ಟು ವರ್ಷ ಹೊತ್ತದ್ದನ್ನು ಕೆಳಗಿಳಿಸಿದರೆ ಏನಾದರೂ ಸದ್ದಾಗುತ್ತದೆ ಎಂದುಕೊಂಡಿದ್ದೆ. ಏನೂ ಆಗಲಿಲ್ಲ.

"ಯಾವಾಗಿಂದ ಗೊತ್ತು? ಅಪ್ಪ ನಾಲಿಗೆಗೆ ಇಟ್ಟಾಗಿಂದ?"

"ಅದಕ್ಕೂ ಮುಂಚೆ. ಹಿಂದಿನ ದಿನ ಗಿರಿಜಕ್ಕನ ಮನೆಯಿಂದ ಬಂದು ನೋಡಿದ್ರೆ ಕರಟದಾಗೆ ಗಂಧದ ಪುಡಿ ತೇಲ್ತಿತ್ತು. ಸಣ್ಣ ಬೆರಳಿನ ಗುರ್ತಿತ್ತು. ಕಂಬ ಹುಡುಕಿ ನೋಡ್ದೆ. ಚೆನ್ನಾಗೇ ಕೂರಿಸಿದ್ದೆ ನೀನು."

"ಹಾಗಾದ್ರೆ ಅಪ್ಪ ಒದ್ದೆ ಪಂಚೆ ಸುತ್ತುವಾಗ ನಿನಗೆ ಗೊತ್ತಿತ್ತು, ಸಂಜೆಗೆ ಅದು ಬಿಟ್ಟುಕೊಳ್ತದೆ ಅಂತ."

ಅವ್ವ ಕೂದಲಿಲ್ಲದ ಹುಬ್ಬನ್ನು ಮೊಣಕೈಯಿಂದ ಉಜ್ಜಿಕೊಂಡು, ಕಡ್ಡಿಯನ್ನು ಎತ್ತಿ, ಅಂಟು ಎಳೆಯಾಗಿ ಇಳಿಯುತ್ತದೆಯೇ ಎಂದು ನೋಡಿದಳು. ಇನ್ನೂ ಪಾಕ ಬಂದಿರಲಿಲ್ಲ. ಮತ್ತೆ ತಿರುಗಿಸತೊಡಗಿದಳು. ಆ ಬಿಸಿಗೆ ಹೆದರದ ಅವಳ ಕೈ, ಮಡಿಲಲ್ಲಿ ನೆಟ್ಟಗಿರುವ ನನ್ನ ಹತ್ತು ಬೆರಳು, ಎರಡನ್ನೂ ನೋಡುತ್ತ ನಾನು ಕೇಳಿದೆ:

"ಬೆಳಗಿನಿಂದ ಸಂಜೆ ತನಕ ಇಡೀ ದಿನ ಇತ್ತಲ್ಲ ಅವ್ವಾ ನಿನಗೆ. ನಮ್ಮಿಬ್ಬರಲ್ಲಿ ಯಾರ ಕೈ ಅಂತ ಯಾವ ಹೊತ್ತಿಗೆ ತೀರ್ಮಾನ ಮಾಡಿದೆ?"